ನೀರು ಕಚ್ಚಿದ ದಿನಗಳು

ಆ ಬೆಳಿಗ್ಗೆ ನಮ್ಮ ಅರಸೀಕೆರೆ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು. ಕೊಬ್ಬರಿ ಮಂಡಿಗೆ ಹೊರಟು ಇನ್ನೂ ಹೊರಡದೆ ಕುರ್ಚಿಯ ತುದಿಯಲ್ಲಿ ಕೂತಿದ್ದ ನಮ್ಮ ಯಜಮಾನರು, ಚೊಚ್ಚಲ ಹೆರಿಗೆಗೆ ಬೇಲೂರಿನಿಂದ ಬಂದು ಗೋಡೆಗೊರಗಿ ಚಕ್ಕೋತ ಬಿಡಿಸುತ್ತಿದ್ದ ಏಳು ತಿಂಗಳ ಬಸುರಿ ಮಗಳು, ಕಾಫಿ ಲೋಟ ಹಿಡಿದು ನಿಂತ ನಾನು, ಆ ಲೋಟಕ್ಕೆ ಕೈ ಚಾಚಿದ್ದ ಎಲೆಕ್ಟ್ರಿಷಿಯನ್.

ನಮ್ಮ ಹಿತ್ತಲಿನ ಬಚ್ಚಲಲ್ಲಿ ಹಂಡೆ ಇದೆ. ಸೌದೆ ಒಲೆ. ಹೊಗೆಗೆ ಕಣ್ಣು ಬಿಡಲಾಗುವುದಿಲ್ಲ. ಎಳೆಗೂಸಿಗೆ ಹೊಗೆ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಮನೆಯೊಳಗೇ ಒಂದು ಹೊಸ ಬಚ್ಚಲುಮನೆ ಕಟ್ಟಿಸಿ, ಗೀಸರ್ ಹಾಕಿಸಿ, ಹಳೇ ವೈರೆಲ್ಲ ಕಿತ್ತು ಹೊಸದು ಎಳೆಸುವುದೆಂದು ತೀರ್ಮಾನವಾಗಿತ್ತು. ಈ ಮನುಷ್ಯ ಬಂದಿದ್ದು ಅದಕ್ಕೆ. ಮೂವತ್ತರ ಆಸುಪಾಸು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ.

"ಯಾವೂರಪ್ಪ?" ಅಂದೆ.

"ಜಾವಗಲ್ಲು, ಅಮ್ಮ."

ನನ್ನ ತವರು. ನನ್ನ ದನಿ ಆಗಲೇ ಮೆತ್ತಗಾಯಿತು. "ಜಾವಗಲ್ಲಲ್ಲಿ ಯಾರ ಪೈಕಿ?"

"ಗಾಣದ ಮನೆಯೋರು. ಈಗ ಗಾಣ ಇಲ್ಲ, ಹೆಸರೊಂದೈತೆ."

"ಗಾಣದ ಮನೆಯವನೇನೋ! ನಿಮ್ಮಜ್ಜಿ, ನಮ್ಮವ್ವ ಒಂದೇ ಮಠದ ಒಕ್ಕಲು ಕಣೋ. ದಾಸೋಹಕ್ಕೆ ಇಬ್ರೂ ಒಟ್ಟಿಗೆ ರೊಟ್ಟಿ ತಟ್ಟೋರು."

"ಹಂಗಾದ್ರೆ ನೀವು ನಂಗೆ ಅತ್ತೆ ಆಗ್ಬೇಕು," ಅಂದ. ಕಾಫಿ ಕೈಗೆ ಹೋಯಿತು. ಜೊತೆಗೆ ಕೋಡುಬಳೆಯೂ ಹೋಯಿತು.

ನಮ್ಮ ಯಜಮಾನರು ಮಂಡಿಯಲ್ಲಿ ಕೊಬ್ಬರಿ ಚೀಲಕ್ಕೆ ಕೈ ಹಾಕಿ, ಅಡಿಯಿಂದ ಒಂದು ಗಿಟುಕು ತೆಗೆದು ಒಡೆದು ನೋಡದೆ ಮಾತೇ ಆಡದವರು. ಅಭ್ಯಾಸಬಲದಿಂದ, "ಲೈಸೆನ್ಸು ಏನಾದ್ರೂ ಇಟ್ಕೊಂಡಿದೀಯೇನಪ್ಪಾ?" ಅಂದರು.

"ಲೈಸೆನ್ಸ್ ಇರೋ ಕಂಟ್ರಾಕ್ಟ್ರು ಹತ್ರ ಸಹಿ ಹಾಕಿಸ್ಕೊಂಡ್ ಬತ್ತೀನಿ ಮಾವ. ಕರೆಂಟ್ ಆಫೀಸಿನ ಕೆಲ್ಸ ಎಲ್ಲ ನಂಗ್ ಬಿಡಿ."

ನಾನು ಯಜಮಾನರ ಕಡೆ ಕಣ್ಣು ಬಿಟ್ಟೆ. "ಮನೆ ಹುಡುಗನ್ನ ಲೈಸೆನ್ಸ್ ಕೇಳ್ತೀರಲ್ರೀ, ನಿಮಗೇನಾಗಿದೆ?"

ಅವರು ಚಪ್ಪಲಿ ಮೆಟ್ಟಿ ಮಂಡಿಗೆ ಹೊರಟುಹೋದರು.

ನಮ್ಮವ್ವ ನನಗೆ ಕಲಿಸಿದ ಪರೀಕ್ಷೆ ಇದೊಂದೇ: ಯಾವೂರು, ಯಾರ ಮನೆ, ಯಾವ ಮಠ. ಈ ಮೂರನ್ನು ಕೇಳಿಯೇ ಅವಳು ಸೊಸೆ ತಂದಳು, ಅಡಿಗೆಯವರನ್ನು ಗೊತ್ತು ಮಾಡಿದಳು, ಬಾಡಿಗೆಗೆ ಮನೆ ಕೊಟ್ಟಳು. ಮಾತನ್ನು ಅವಳಿಂದ ಕಲಿತವಳು ನಾನು. ಮಾತಿನ ಜೊತೆ ಈ ಪರೀಕ್ಷೆಯೂ ಬಂತು. ಆ ಮನುಷ್ಯ ಮೂರರಲ್ಲೂ ಪಾಸಾದ. ಕೆಲಸವನ್ನೂ ಚೆನ್ನಾಗಿಯೇ ಮಾಡಿದಂತೆ ಕಂಡಿತು. ದಾರ ಹಿಡಿದು ಎಳೆದ ಹಾಗೆ ನೇರ ಪೈಪು, ಬೆಳ್ಳಗಿನ ಸ್ವಿಚ್ಚು. ಬಂದವರೆಲ್ಲ ಮೆಚ್ಚಿಕೊಂಡರು.

ಚಳಿಗಾಲ ಶುರುವಾಗುವಾಗ ಮಗಳಿಗೆ ಹೆಣ್ಣುಮಗು ಹುಟ್ಟಿತು. ನಾಲ್ಕನೇ ದಿನ ಮನೆಗೆ ಕರೆತಂದೆವು. ಮಗುವಿಗೆ ನೀರು ಹಾಕಲು ನಮ್ಮ ಬೀದಿಯ ಅಜ್ಜಿಯೊಬ್ಬರು ಬರುತ್ತಿದ್ದರು. ಅವರಿಗೆ ಗೀಸರಿನ ನಲ್ಲಿ ಎಂದರೆ ಭಯ, "ಅದೆಂಗ್ ತಿರುಗ್ಸದೋ ನಂಗೊತ್ತಿಲ್ಲ ಕಣವ್ವ" ಎನ್ನುತ್ತಿದ್ದರು. ನಾನೇ ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ ಅವರ ಮುಂದಿಡುತ್ತಿದ್ದೆ. ನನಗೆ ಹಿಮ್ಮಡಿ ನೋವು. ಮನೆಯೊಳಗೂ ರಬ್ಬರ್ ಚಪ್ಪಲಿ ಬಿಚ್ಚುವವಳಲ್ಲ. ಬಚ್ಚಲುಮನೆಗೂ ಅದೇ ಚಪ್ಪಲಿ. ಯಜಮಾನರದೂ ನನ್ನದೂ ಸ್ನಾನ ಮಾತ್ರ ಹಿತ್ತಲಿನ ಹಂಡೆಯಲ್ಲೇ ನಡೆದಿತ್ತು. ಹಳೇ ಚರ್ಮಕ್ಕೆ ಹಳೇ ನೀರೇ ಹಿತ.

ಹನ್ನೊಂದು ದಿನ ಕಳೆದ ಮೇಲೆ ಮಗಳು ತಾನೇ ಬಚ್ಚಲಿಗೆ ಹೋಗಿ ಬರತೊಡಗಿದಳು. ಎರಡನೇ ದಿನವೋ ಮೂರನೇ ದಿನವೋ ಒದ್ದೆ ಸೀರೆಯಲ್ಲೇ ಹೊರಗೆ ಓಡಿ ಬಂದಳು.

"ಅಮ್ಮಾ, ನೀರು ಕಚ್ತು."

"ಸುಡ್ತಾ?"

"ಸುಡ್ಲಿಲ್ಲ. ಕಚ್ತು. ನಲ್ಲಿ ಮುಟ್ಟಿದ್ನಲ್ಲ, ಮೊಣಕೈತನಕ ಕಚ್ಕೊಂಡು ಬಂತು."

ಅಜ್ಜಿ ಮಗುವಿಗೆ ಬಜೆ ತೇಯುತ್ತಿದ್ದವರು ತಲೆಯೆತ್ತದೆಯೇ ಹೇಳಿದರು: "ವಾಯು ಕಣವ್ವ. ಹಸೀ ಬಾಣಂತಿ, ನರ ಎಲ್ಲಾ ಬಾಯಿ ಬಿಟ್ಕೊಂಡಿರ್ತವೆ. ಮೆಣಸಿನ ಸಾರು ಇನ್ನೊಂಚೂರು ಖಾರ ಮಾಡು."

ಖಾರ ಮಾಡಿದೆ. ಶುಂಠಿ ಕಷಾಯ ಕುಡಿಸಿದೆ. ಅಂಗಾಲಿಗೆ ಎಣ್ಣೆ ತಿಕ್ಕಿದೆ. ನೀರು ಮತ್ತೆ ಕಚ್ಚಿತು. ದಿನವೂ ಕಚ್ಚುತ್ತಿರಲಿಲ್ಲ, ಅದೇ ನಮ್ಮನ್ನು ಕೆಡಿಸಿದ್ದು. ಗೀಸರ್ ಆರಿಸಿ ಒಳಗೆ ಹೋದ ದಿನ ಏನೂ ಇಲ್ಲ, ಉರಿಯುತ್ತಿರುವಾಗ ಹೋದ ದಿನ ಚೀರಾಟ. ಈ ಲೆಕ್ಕ ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ನನಗೆ ರೇಗಿತು. ಅವಳ ಕೈ ಹಿಡಿದು ಬಾಗಿಲವರೆಗೂ ಎಳೆದುಕೊಂಡು ಹೋಗಿ, "ಎಲ್ಲೇ ಕಚ್ತು? ನೋಡು, ನಾನೂ ಮುಟ್ತೀನಿ," ಎಂದು ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಏನೂ ಆಗಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. "ಕಂಡ್ಯಾ?" ಅಂದೆ. ಮಗಳು ನಲ್ಲಿಯನ್ನು ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಆ ನೋಟ ಈಗಲೂ ಊಟದ ಹೊತ್ತಿನಲ್ಲಿ ನೆನಪಾಗುತ್ತದೆ.

ಅವತ್ತಿನಿಂದ ಅವಳು ಮಗುವನ್ನು ನೀರಿಗೆ ಕೊಡುವುದನ್ನು ನಿಲ್ಲಿಸಿದಳು. ಅಜ್ಜಿ ಬಂದರೆ ಮಗುವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಮಂಚದ ಮೂಲೆಗೆ ಸರಿಯುವಳು. "ಮಗೂಗೂ ಕಚ್ಚುತ್ತೆ. ಮುಟ್ಬೇಡಿ." ನಿದ್ದೆಯಿಲ್ಲ, ಊಟವಿಲ್ಲ. ಕಣ್ಣು ಕೆಂಪಗೆ.

ಅಜ್ಜಿ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ಇದು ವಾಯು ಅಲ್ಲ ಕಣವ್ವ. ಸನ್ನಿ. ಬಾಣಂತಿ ಸನ್ನಿ. ಮಗೂನ ಹುಷಾರಾಗಿ ನೋಡ್ಕೋ."

ಒಲೆ ಆರಿಸಿ ಯಜಮಾನರಿಗೆ ಫೋನ್ ಮಾಡಿದೆ. ಡಾಕ್ಟರ ಹತ್ತಿರ ಕರೆದೊಯ್ದೆವು. ನೀರು ಕಚ್ಚುತ್ತದೆ ಅನ್ನುತ್ತಾಳೆ ಎಂದು ನಾನೇ ಹೇಳಿದೆ. ನಾನು ಹೇಳಿದ ರೀತಿಯಲ್ಲಿ ಹೇಳಿದರೆ ಯಾವ ಡಾಕ್ಟರಿಗಾದರೂ ಅದೇ ಅನುಮಾನ ಬರುತ್ತಿತ್ತು. ನಿದ್ದೆಗೆ ಮಾತ್ರೆ ಕೊಟ್ಟು, ಸ್ವಲ್ಪ ದಿನ ಮಗುವಿನ ಜೊತೆ ಒಬ್ಬಳನ್ನೇ ಬಿಡಬೇಡಿ ಅಂದರು. ಆ ಭಾನುವಾರ ಬೇಲೂರಿನಿಂದ ಬೀಗಿತ್ತಿ ಬಂದಿದ್ದವರು ಎಲ್ಲವನ್ನೂ ಕಣ್ಣಾರೆ ಕಂಡರು. ಅವರು ಕೆಟ್ಟವರಲ್ಲ, ಹೆದರಿದರು, ಅಷ್ಟೆ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಗುರುವಾರ ಕಾರು ತರ್ತೀವಿ ಕಣ್ರೀ. ಮಗು ನಮ್ಮ ಹತ್ರ ಇರಲಿ. ನಿಮ್ಮ ಮಗಳು ಮೊದ್ಲಿನ ಹಾಗೆ ಆಗಲಿ, ಆಮೇಲೆ ನೋಡೋಣ," ಅಂದರು. ಒಂದು ತಿಂಗಳ ಕೂಸು, ತಾಯಿ ಹಾಲು ಬಿಟ್ಟು ಬೇರೇನೂ ಕಾಣದ್ದು. ಆದರೂ ಬೇಡ ಅನ್ನದೆ ಕುಂಕುಮ ಕೊಟ್ಟು ಕಳಿಸಿದೆ.

ಮರುದಿನ ಸೋಮವಾರ. ದೃಷ್ಟಿಯಾಗಿರಬಹುದೆಂದು ಮಗಳಿಗೆ ವಿಭೂತಿ ಹಚ್ಚಿ ದಾರ ಕಟ್ಟಲು ಮಠದ ಅಯ್ಯನವರನ್ನು ಕರೆಸಿದ್ದೆವು. ಬಂದ ಅಯ್ಯನವರ ಕಾಲಿಗೆ ನೀರು ಕೊಡಬೇಕು. ಚಳಿ, ಬಿಸಿನೀರು ಕೊಡೋಣವೆಂದು ಹಿತ್ತಾಳೆ ಚೊಂಬು ಹಿಡಿದು ಹೊಸ ಬಚ್ಚಲಿಗೆ ಹೋದೆ. ಮಡಿಯಲ್ಲಿದ್ದೆ. ಚಪ್ಪಲಿ ಹೊರಗೇ ಬಿಟ್ಟಿದ್ದೆ. ಚೊಂಬು ನಲ್ಲಿಗೆ ತಾಗಿತು.

ಏನೆಂದು ಹೇಳಲಿ? ಮೊಣಕೈತನಕ ಕಚ್ಚಿಕೊಂಡು ಬಂತು. ಮಗಳು ಹೇಳಿದ್ದಕ್ಕಿಂತ ಸರಿಯಾದ ಮಾತು ನನಗೂ ಸಿಗಲಿಲ್ಲ. ಚೊಂಬು ಬಿದ್ದು ಉರುಳಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಇಪ್ಪತ್ತು ದಿನದಿಂದ ಆ ಹುಡುಗಿ ಇದನ್ನೇ ಹೇಳುತ್ತಿದ್ದಳು.

ಯಜಮಾನರು ಟೆಸ್ಟರ್ ತಂದು ನಲ್ಲಿಗೆ ಇಟ್ಟರು. ಕೆಂಪು ದೀಪ ಹತ್ತಿತು. ಗೀಸರ್ ಆರಿಸಿ ಇಟ್ಟರು, ಹತ್ತಲಿಲ್ಲ. ಅಯ್ಯನವರು ಕಾಲು ತೊಳೆಯದೆಯೇ ಒಳಗೆ ಬಂದು, "ದಾರ ಆಮೇಲೆ ಕಟ್ಟೋಣ ತಾಯಿ, ಮೊದ್ಲು ಮೈನ್ ಆರಿಸಿ," ಅಂದರು.

ಗಾಣದ ಮನೆಯವನಿಗೆ ಫೋನ್ ಮಾಡಿದೆ. "ಹೊಸದ್ರಲ್ಲಿ ಸ್ವಲ್ಪ ಹಂಗೇ ಜುಮ್ ಅಂತೈತೆ ಅತ್ತೆ, ಆಮೇಲ್ ಸರಿ ಹೋಯ್ತದೆ," ಅಂದ. ಬೈಯದೆ ಫೋನ್ ಇಟ್ಟೆ. ಅವನನ್ನು ಒಳಗೆ ಬಿಟ್ಟುಕೊಂಡವಳು ನಾನು. ಬೀಗಿತ್ತಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಮೊನ್ನೆ ವಾಯು ಅಂದ್ರಿ. ನಿನ್ನೆ ದೃಷ್ಟಿ ಅಂದ್ರಿ. ಇವತ್ತು ಕರೆಂಟು. ಮಗಳ ಮೇಲಿನ ಆಸೆಗೆ ಹೇಳ್ತಿದೀರ, ನಂಗೆ ಅರ್ಥ ಆಗುತ್ತೆ. ತಿಳಿದವರ ಕೈಲಿ ಬರೆಸಿ ಕೊಡಿ, ನೋಡೋಣ," ಅಂದು ಫೋನ್ ಇಟ್ಟರು.

ತಿಳಿದವರು. ಯಾರು ತಿಳಿದವರು? ಮೂರೇ ದಿನ. ಈ ಸಲ ಊರು, ಮನೆ, ಮಠ ಯಾವುದನ್ನೂ ಕೇಳಬಾರದೆಂದು ಕೆನ್ನೆಗೆ ಹೊಡೆದುಕೊಂಡೆ. ಮಂಗಳವಾರ ಬೆಳಿಗ್ಗೆ ಎಲೆಕ್ಟ್ರಿಕಲ್ ಅಂಗಡಿಯವರು ಕಳಿಸಿದ ಮೊದಲನೆಯವರು ಬಾಗಿಲಲ್ಲಿ ನಿಂತಾಗಲೇ ಲೈಸೆನ್ಸ್ ಕೇಳಿದೆ.

"ಇಪ್ಪತ್ತು ವರ್ಷದಿಂದ ಈ ಊರಲ್ಲಿ ಕೆಲ್ಸ ಮಾಡ್ತಿದೀನಿ. ಇವತ್ತಿನವರೆಗೂ ಯಾವ ತಾಯಿನೂ ಹಿಂಗೆ ಕೇಳಿಲ್ಲ!"

"ಕೇಳದೇ ಇದ್ದಿದ್ದೇ ತಪ್ಪಾಗಿರೋದು ಸ್ವಾಮಿ. ಇದ್ರೆ ತೋರ್ಸಿ."

ಅವರು ಚೀಲ ಹೆಗಲಿಗೇರಿಸಿ ಹೋದರು. ಎರಡನೆಯವರು ತೋರಿಸಿದರು. ಜೆರಾಕ್ಸು. ಬೆಳಕಿಗೆ ಹಿಡಿದು ನೋಡಿದೆ. ಫೋಟೋದಲ್ಲಿದ್ದವರಿಗೆ ದಪ್ಪ ಮೀಸೆ, ಬೊಕ್ಕತಲೆ. ನನ್ನ ಮುಂದೆ ನಿಂತವರಿಗೆ ಎರಡೂ ಇಲ್ಲ. "ನಮ್ಮ ಓನರ್ದು ಅಮ್ಮ. ಒಂದೇ ಅಲ್ವಾ?" ಅಂದರು. ನಗು ಬರಬೇಕಾಗಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಾಪ, ಅವರು ಗಾಬರಿಯಾಗಿ ನೀರು ತರಲು ಒಳಗೆ ಯಾರನ್ನೋ ಕೂಗಿದರು.

ಕರೆಂಟ್ ಆಫೀಸಿಗೆ ಹೋದೆ. ಲೈಸೆನ್ಸ್ ಇರುವವರ ಹೆಸರು ಕೊಡಿ, ನಿಜವಾದವರದು, ಎಂದು ಗುಮಾಸ್ತರ ಮೇಜಿನ ಮುಂದೆ ನಿಂತೆ. ಅವರು ಮನೆ ಮೀಟರ್ ನಂಬರ್ ಕೇಳಿ ನಮ್ಮದೇ ಫೈಲು ತೆಗೆದು, ಒಂದು ಹಾಳೆಯ ಮೇಲೆ ಬೆರಳಿಟ್ಟರು. "ನಿಮ್ಮ ವೈರಿಂಗ್ ಪರೀಕ್ಷೆ ಆಗಿದೆಯಲ್ಲಮ್ಮ. ಅರ್ತಿಂಗ್ ಸರಿಯಿದೆ ಅಂತ ಕಂಟ್ರಾಕ್ಟರು ಸಹಿ ಮಾಡಿದಾರೆ. ಲೈಸೆನ್ಸೂ ಚಾಲ್ತಿಯಲ್ಲೇ ಇದೆ."

ಹಾಳೆ ನೋಡಿದೆ. ಎಲ್ಲ ಸರಿಯಿದೆ ಎಂದು ಮುದ್ದಾದ ಅಕ್ಷರ, ಕೆಳಗೆ ಸೀಲು. ಆ ಹೆಸರಿನವರನ್ನು ನಾನು ಕಂಡೇ ಇಲ್ಲ. ವಿಳಾಸ ಗೆಂಡೆಹಳ್ಳಿ. ಗುಮಾಸ್ತರಿಂದ ಅದರ ನಕಲು ಇಸಿದುಕೊಂಡೆ. ಈ ಹಾಳೆ ಬೀಗಿತ್ತಿಯ ಕೈಗೆ ಸಿಕ್ಕರೆ ಮುಗಿಯಿತು. ಮನೆ ಸರಿಯಿದೆ ಎಂದು ಸರ್ಕಾರಿ ಕಾಗದ, ಸರಿಯಿಲ್ಲದ್ದು ನನ್ನ ಮಗಳ ತಲೆ. ಈ ಕಾಗದವನ್ನು ಸುಳ್ಳೆನ್ನಬಲ್ಲ ಮನುಷ್ಯ ಅದಕ್ಕೆ ಸಹಿ ಹಾಕಿದವರು ಒಬ್ಬರೇ.

ಬುಧವಾರ ಬೆಳಗಿನ ಬಸ್ಸು ಹತ್ತಿದೆ. ಜಾವಗಲ್ಲು ಬಂತು. ಕಂಡಕ್ಟರು ನನ್ನ ಪರಿಚಯದವರು, "ತವರಲ್ಲಿ ಇಳಿಯಲ್ವಾ ಅಕ್ಕಾ?" ಅಂದರು. ಇಲ್ಲವೆಂದು ತಲೆಯಾಡಿಸಿದೆ. ಹಳೇಬೀಡು, ಬೇಲೂರು. ಬೇಲೂರಿನ ಬಸ್ ನಿಲ್ದಾಣದಲ್ಲಿ ಬೀಗರ ಕಡೆಯವರು ಯಾರಾದರೂ ಕಂಡಾರೆಂದು ಸೆರಗು ಹೊದ್ದು ಕಂಬದ ಮರೆಯಲ್ಲಿ ನಿಂತೆ. ಇನ್ನೊಂದು ಬಸ್ಸು ಹಿಡಿದು ಗೆಂಡೆಹಳ್ಳಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಕಂಟ್ರಾಕ್ಟರು ಅರವತ್ತರ ಸಣಕಲು ಮನುಷ್ಯ. ಅಂಗಳದಲ್ಲಿ ರಾಗಿ ಹರವುತ್ತಿದ್ದರು. ನಾನು ಕೂರಲಿಲ್ಲ.

"ನಿಮ್ಮ ಲೈಸೆನ್ಸು ನೋಡ್ಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ತಂದುಕೊಟ್ಟರು. ಫೋಟೋ ನೋಡಿದೆ, ಮುಖ ನೋಡಿದೆ. ನಂಬರ್ ತಾಳೆ ನೋಡಿದೆ. ತಾರೀಖು ನೋಡಿದೆ. ಆಮೇಲೆ ಹಾಳೆಯ ನಕಲನ್ನು ಅವರ ಮುಂದೆ ಹಿಡಿದೆ.

"ಕಾರ್ಡು ನಿಮ್ದು. ಸಹಿ ನಿಮ್ದು. ಮನೆ ನಂದು. ಆ ಮನೆ ಯಾವ ದಿಕ್ಕಿಗಿದೆ ಹೇಳಿ ನೋಡೋಣ."

ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಹತ್ತಾರು ಹುಡುಗ್ರು ಬತ್ತಾರಮ್ಮ, ಸಹಿ ಹಾಕ್ಕೊಡಿ ಅಂತಾರೆ. ಎಲ್ಲಾ ಕಡೆಗೂ ಹೋಗಕ್ ಆಗಲ್ಲ," ಅಂದರು.

ಎಲ್ಲವನ್ನೂ ಹೇಳಿದೆ. ನೀರು, ವಾಯು, ಸನ್ನಿ, ನಾಳೆ ಬರುವ ಕಾರು. ಬಂದು ನೋಡಿ, ಇರುವುದನ್ನು ಇರುವ ಹಾಗೆ ಬರೆದುಕೊಡಿ ಅಂದೆ.

"ನಾನ್ ಬರ್ದಿದ್ದು ಸುಳ್ಳು ಅಂತ ನನ್ ಕೈಲೇ ಬರಿಸ್ತೀರಾ? ಲೈಸೆನ್ಸ್ ಹೋಯ್ತದೆ."

"ನನ್ನ ಮಗಳ ಮಗು ಹೋಗುತ್ತೆ."

ಅವರು ರಾಗಿಯ ಮೇಲಿನಿಂದ ಕಾಲು ತೆಗೆದು ಪಕ್ಕಕ್ಕೆ ಬಂದರು. "ನೀರು ಕಚ್ತೈತೆ ಅಂತ ಆ ಹೆಣ್ಮಗು ಹೇಳಿ ಎಷ್ಟು ದಿನ ಆಯ್ತು?"

"ಇಪ್ಪತ್ತು ದಿನ."

"ಇಪ್ಪತ್ತು ದಿನ," ಎಂದು ಮೆಲ್ಲಗೆ ಅಂದುಕೊಂಡರು. "ಒದ್ದೆ ಕಾಲಲ್ಲಿ. ಬದುಕೈತಲ್ಲ ಅದು." ಕೈಗಂಟಿದ ರಾಗಿ ಕೊಡವಿಕೊಂಡು, "ಇವತ್ತು ಆಗಲ್ಲ. ಕರೆಂಟ್ ನೋಡೋ ಮೀಟ್ರು ಬೇಲೂರಲ್ಲಿ ಬಿಟ್ಟಿದೀನಿ. ನಾಳೆ ಮೊದ್ಲನೇ ಬಸ್ಸಿಗೆ ಬತ್ತೀನಿ," ಅಂದರು.

ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರ ಕಾರ್ಡು ಇನ್ನೂ ನನ್ನ ಕೈಯಲ್ಲೇ ಇತ್ತು. ರವಿಕೆಯೊಳಗೆ ಸೇರಿಸಿದೆ. "ಇದು ನನ್ನ ಹತ್ರ ಇರಲಿ. ನಾಳೆ ಬಂದು ಇಸ್ಕೊಳಿ." ಅವರು ಬೇಡ ಅನ್ನಲಿಲ್ಲ.

ಗುರುವಾರ ಮೊದಲು ಬಂದದ್ದು ಕಾರು. ಬೀಗಿತ್ತಿ, ಅಳಿಯ. ಮಗುವಿಗೆಂದು ಹೊಸ ಉಣ್ಣೆ ಟೋಪಿ ತಂದಿದ್ದರು. ಮಗಳು ಕಾರಿನ ಸದ್ದು ಕೇಳಿದ್ದೇ ಮಗುವನ್ನು ಎತ್ತಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಅಳಿಯ ಬಾಗಿಲು ತಟ್ಟಿದ. ಒಳಗಿಂದ ಮಗುವಿನ ಅಳು. "ನೋಡಿ, ಇದಕ್ಕೇ ನಾನು ಹೇಳಿದ್ದು," ಅಂದರು ಬೀಗಿತ್ತಿ, ಅಳುತ್ತಲೇ. ಯಜಮಾನರು ಬಾಗಿಲು ಒಡೆಯುವುದೋ ಬೇಡವೋ ಎಂದು ನನ್ನ ಮುಖ ನೋಡಿದರು. ಒಡೆದರೆ ಎಲ್ಲರ ಮಾತೂ ನಿಜವಾಗುತ್ತಿತ್ತು. "ಅರ್ಧ ಗಂಟೆ ತಡೀರಿ, ನಿಮ್ಮ ಕಾಲು ಹಿಡೀತೀನಿ," ಎಂದು ಬೀಗಿತ್ತಿಗೆ ಹೇಳಿ ಬೀದಿಗೆ ಓಡಿದೆ. ಕೈಯಲ್ಲಿ ಆ ಕಾರ್ಡು.

ಬೀದಿಯ ತುದಿಯಲ್ಲಿ ಕಂಟ್ರಾಕ್ಟರು ಅಂಗಡಿಯವರೊಬ್ಬರನ್ನು ದಾರಿ ಕೇಳುತ್ತ ನಿಂತಿದ್ದರು. ಸಹಿ ಹಾಕಿದ ಮನೆ ಹುಡುಕಲು ಅವರಿಗೆ ಮುಕ್ಕಾಲು ಗಂಟೆ ಹಿಡಿದಿತ್ತು.

ಅವರು ಸ್ವಿಚ್ ಬೋರ್ಡಿನ ತಿರುಪು ಬಿಚ್ಚಿದರು. ಒಳಗೆ ಅರ್ತಿನ ಹಸಿರು ವೈರು ಎಲ್ಲಿಗೂ ಸೇರದೆ ಸುತ್ತಿ ಮಡಚಿ ಕೂತಿತ್ತು. ಹಿತ್ತಲಿಗೆ ಹೋಗಿ ಅರ್ತ್ ಪೈಪು ಹಿಡಿದು ಎಳೆದರು. ಆಳದ ಗುಂಡಿಯಲ್ಲಿ ಇರಬೇಕಾದ್ದು ಮೂಲಂಗಿ ಕಿತ್ತ ಹಾಗೆ ಕೈಗೆ ಬಂತು. ಗೀಸರ್ ಹಾಕಿ ನಲ್ಲಿಗೂ ಒದ್ದೆ ನೆಲಕ್ಕೂ ಮೀಟರ್ ಇಟ್ಟು ಬೀಗಿತ್ತಿಯನ್ನು ಕರೆದರು.

"ನೋಡಿ ತಾಯಿ. ಗೀಸರೊಳಗೆ ಕರೆಂಟು ಸೋರ್ತೈತೆ. ಅರ್ತ್ ಇದ್ದಿದ್ರೆ ಅದು ನೆಲಕ್ಕೆ ಇಳಿಯೋದು. ಇಲ್ಲಿ ಅದಕ್ಕೆ ದಾರೀನೇ ಇಲ್ಲ. ಅದಕ್ಕೆ ನಲ್ಲೀಗ್ ಬಂದೈತೆ."

"ಮತ್ತೆ ಮೊದ್ಲು ಇವರು ಮುಟ್ಟಿದಾಗ ಹೊಡೀಲಿಲ್ವಂತೆ?" ಬೀಗಿತ್ತಿ ನನ್ನ ಕಡೆ ಕೈ ತೋರಿಸಿದರು.

ಅವರು ನನ್ನ ಪಾದ ನೋಡಿದರು. ನಾನೂ ನೋಡಿಕೊಂಡೆ. ಅಷ್ಟರಲ್ಲಿ ಬೀಗಿತ್ತಿಯೂ ನೋಡಿದರು. ಕಾಲಲ್ಲಿ ಅದೇ ರಬ್ಬರ್ ಚಪ್ಪಲಿ.

ಆಮೇಲೆ ಆ ಮನುಷ್ಯ ಮಾಡಿದ್ದು ನಾನು ಬೇಡಿಕೊಂಡದ್ದಲ್ಲ. ಮುಚ್ಚಿದ ಕೋಣೆಯ ಮುಂದೆ ಹೋಗಿ ನಿಂತು, ಬಾಗಿಲಿಗೇ ಹೇಳಿದರು: "ತಾಯೀ, ನೀವ್ ಹೇಳಿದ್ದೇ ಸರಿ. ನೀರಲ್ಲಿ ಕರೆಂಟೈತೆ. ತಪ್ಪು ಬರ್ದಿದ್ದು ನಾನು."

ಚಿಲಕ ತೆಗೆಯಿತು. ಮಗಳು ಮಗುವನ್ನು ಅವುಚಿಕೊಂಡು ಹೊರಗೆ ಬಂದಳು. ಅತ್ತೆಯನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ.

"ನಾನು ಹೇಳಿದ್ನಲ್ಲಮ್ಮಾ," ಅಂದಳು. ಅಷ್ಟೇ.

ನಾನು ಚಪ್ಪಲಿ ಬಿಚ್ಚಿ ಬಾಗಿಲಾಚೆ ಇಟ್ಟೆ.

ಕಾರು ಖಾಲಿಯಾಗಿ ಬೇಲೂರಿಗೆ ಹೋಯಿತು. ಕಂಟ್ರಾಕ್ಟರು ಎರಡು ದಿನ ನಮ್ಮಲ್ಲೇ ಉಳಿದು, ಆಳವಾಗಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ ಅರ್ತ್ ಕೂರಿಸಿದರು. ಗೀಸರ್ ಬದಲಾಯಿಸಿದರು. ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು ಹಾಕಿದರು. ಇದ್ದದ್ದನ್ನು ಇದ್ದಂತೆ ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ತಾವೇ ಕರೆಂಟ್ ಆಫೀಸಿಗೆ ಕೊಟ್ಟು ಹೋದರು. ಅವರ ಲೈಸೆನ್ಸು ಅಮಾನತಾಯಿತೆಂದು ಕೆಲವು ತಿಂಗಳ ಮೇಲೆ ಕೇಳಿದೆ.

ಮಗಳು ಐದನೇ ತಿಂಗಳಿಗೆ ಗಂಡನ ಮನೆಗೆ ಹೋದಳು. ಮರುವಾರ ನಾನು ಬೇಲೂರಿಗೆ ಹೋದಾಗ ಬೀಗಿತ್ತಿ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಮಗು ಎಲ್ಲಿ ಅಂದೆ. "ನಿಮ್ಮ ಮಗಳು ನೀರು ಹಾಕ್ತಿದಾಳೆ. ಬಾಗಿಲು ಹಾಕ್ಕೊಂಡಿದಾಳೆ, ನನ್ನನ್ನೂ ಬಿಡಲ್ಲ," ಅಂದರು. ನಾನು ಅವರ ಪಕ್ಕ ಕೂತು ಹುಣಸೆಹಣ್ಣು ಬಿಡಿಸತೊಡಗಿದೆ.